ತಂಗಡಿ ತೊಗಟೆ

ಬಳ್ಳಾರಿ ಸೀಮೆಯ ಗುಡ್ಡಗಳನ್ನು ಸರ್ಕಾರಿ ಕಡತ 'ಕುರುಚಲು' ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ಏನೂ ಇಲ್ಲದ ಆ ಗುಡ್ಡ ಒಮ್ಮೆ ಹತ್ತಿ ನೋಡ್ರಿ: ತಂಗಡಿ, ಬಂದರೆ, ಕಾರೆ, ಕವಳಿ, ಬಾರೆ, ಕಳ್ಳಿ, ಅಲ್ಲಲ್ಲಿ ಕಮರ, ದಿಂಡಿಗ. ಮಳೆ ಬಿದ್ದ ವಾರಕ್ಕೆ ಹೆಸರು ಹೇಳಿ ಮುಗಿಯದಷ್ಟು ಹುಲ್ಲು. ಕಾರೆ ಮೆಳೆಯೊಳಗೆ ಆಡಿನ ಬಾಯಿ ಹೋಗದು. ಹಕ್ಕಿ ಉದುರಿಸಿದ ಬೀಜ ಅಲ್ಲೇ ಮೊಳೆಯುತ್ತದೆ.

ಇವುಗಳಲ್ಲಿ ತಂಗಡಿಯ ಚರಿತ್ರೆ ಎಂದರೆ ನಮ್ಮ ಕೇರಿಯ ಚರಿತ್ರೆ. ಹಳದಿ ಹೂವಿನ ಈ ಗಿಡವನ್ನು ಆಡು ಮುಟ್ಟೋದಿಲ್ಲ, ದನ ಮೇಯೋದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮೇದು ಸವೆದ ನೆಲದಲ್ಲೂ ಅದು ಉಳಿದದ್ದು ಹೀಗೆ. ಅದರ ತೊಗಟೆಯ ಒಗರು ತೊಗಲನ್ನು ಕೊಳೆಯಲು ಬಿಡುವುದಿಲ್ಲ. ಸತ್ತ ದನ ಹೊತ್ತು ತಂದು, ಚರ್ಮ ಸುಲಿದು, ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತೊಗಟೆ ನೀರಿನಲ್ಲಿ ದಿನಗಟ್ಟಲೆ ಅದ್ದಿ ಹದ ಮಾಡಿದವರು ಮಾದಿಗರು. ಗೌಡನ ಕಪಿಲೆಯ ಚೀಲ, ನೊಗದ ಮಿಣಿ, ಊರವರ ಕಾಲಿನ ಮೆಟ್ಟು ಎಲ್ಲಾ ಆ ಬಾನಿಯಿಂದಲೇ ಎದ್ದು ಬಂದವು. ಚೀಲ ಎತ್ತಿದ ನೀರಿಗೆ ಇಲ್ಲದ ಮೈಲಿಗೆ ಚೀಲ ಹೊಲಿದ ಕೈಗೆ!

19ನೇ ಶತಮಾನದಲ್ಲಿ ಮದರಾಸಿನಿಂದ ಹದವಾದ ತೊಗಲು ಇಂಗ್ಲೆಂಡಿಗೆ ಹಡಗು ಹತ್ತಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1876-78ರ ಬರ ಇಲ್ಲಿನ ಕೇರಿಗಳನ್ನು ಬಳಿದುಕೊಂಡು ಹೋದ ನಾಲ್ಕೇ ವರ್ಷಕ್ಕೆ, 1882ರಲ್ಲಿ, ಮದರಾಸು ಅರಣ್ಯ ಕಾಯ್ದೆ ಬಂತು. ಮೀಸಲು ಎಂದು ಗೆರೆ ಎಳೆದ ಗುಡ್ಡದಲ್ಲಿ ಅಪ್ಪಣೆಯಿಲ್ಲದೆ ತೊಗಟೆ ಸುಲಿದರೆ ಅಪರಾಧ. ನಿನ್ನೆಯ ಕಸುಬು ಇವತ್ತು ಕಳವು. ಮುಂದೆ ಕ್ರೋಮ್ ಉಪ್ಪಿನ ಹದ ಬಂತು, ಹೊರದೇಶದ ವ್ಯಾಟಲ್ ತೊಗಟೆ ಬಂತು. ಕೇರಿಯ ಬಾನಿಗಳು ಒಣಗಿದವು. ಮೈಲಿಗೆ ಮಾತ್ರ ಒಣಗಲಿಲ್ಲ.

ಗುಡ್ಡ ಬೋಳಾಗಿದ್ದಕ್ಕೆ ಸೌದೆ ಹೊರೆಯ ಹೆಂಗಸನ್ನೂ ಆಡು ಕಾಯೋ ಹುಡುಗನನ್ನೂ ತೋರಿಸೋರು ಸಂಡೂರಿನ ಕಡೆ ಬೆರಳು ಎತ್ತೋದಿಲ್ಲ. ಬಳ್ಳಾರಿ ಜಿಲ್ಲೆಯ ಅದಿರು ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಗುಡ್ಡಗಳ ತಲೆಯೇ ಹೋಗಿತ್ತು. ಮುಂದೆ ಗಣಿಗಳು ಮತ್ತೆ ತೆರೆದವು. (ಬಳ್ಳಾರಿ ಜಾಲಿ ಎಂದು ನಮ್ಮ ಊರ ಹೆಸರು ಹೊತ್ತ ಮುಳ್ಳುಗಿಡವೂ ನಮ್ಮದಲ್ಲ, ಅಮೆರಿಕ ಖಂಡದ್ದು. ಸೌದೆಗೆಂದು ಬ್ರಿಟಿಷರ ಕಾಲದಲ್ಲಿ ತರಿಸಿದ್ದು.)

ತಂಗಡಿ ಇನ್ನೂ ನಿಂತಿದೆ. ಹಳ್ಳಿ ಮೇಷ್ಟ್ರುಗಳೇ, ತೊಗಟೆಯನ್ನು ಯಾವ ತಿಂಗಳಲ್ಲಿ ಸುಲಿಯಬೇಕು, ಎಷ್ಟು ದಿನ ನೆನೆಸಬೇಕು ಎಂಬುದನ್ನು ಬಲ್ಲ ಮುದುಕರು ನಿಮ್ಮ ಊರ ಕೇರಿಯಲ್ಲಿ ಒಬ್ಬರಾದರೂ ಇದ್ದಾರು. ಮಕ್ಕಳನ್ನು ಕರಕೊಂಡು ಹೋಗಿ ಕೂತು ಕೇಳಿ, ಬರೆದುಕೊಳ್ಳಿ.