ಗುತ್ತಿಯ ಮುರಾರಿರಾಯನ ಕುದುರೆ ದಂಡು

ಗುತ್ತಿಯ ಮುರಾರಿರಾವ್ ಘೋರ್ಪಡೆಯನ್ನು ಇತಿಹಾಸದ ಪುಸ್ತಕಗಳು ಎರಡೇ ಮಾತಿನಲ್ಲಿ ಮುಗಿಸುತ್ತವೆ: ಒಳ್ಳೆಯ ಸವಾರ, ನಂಬಿಕೆಗೆ ಅರ್ಹನಲ್ಲ. 1751ರಲ್ಲಿ ಆರ್ಕಾಟಿನಲ್ಲಿ ಕ್ಲೈವನ ಪರ, 1753ರಲ್ಲಿ ಫ್ರೆಂಚರ ಪರ, 1756ರಲ್ಲಿ ಸವಣೂರಿನ ನವಾಬನೊಡನೆ ಸೇರಿ ಪೇಶ್ವೆಯ ವಿರುದ್ಧ. ಪಟ್ಟಿ ಹೀಗಿದ್ದರೆ ಆರೋಪ ಸಹಜವೇ. ಆದರೆ ಪಟ್ಟಿಯ ಪಕ್ಕದಲ್ಲಿ ಸಂಬಳ ಕೊಟ್ಟವರು ಯಾರೆಂದು ಬರೆದುಕೊಂಡರೆ ಚಿತ್ರ ಬೇರೆಯಾಗುತ್ತದೆ. ಆರ್ಕಾಟ್, ತಿರುಚಿನಾಪಳ್ಳಿ ಯುದ್ಧಗಳಲ್ಲಿ ಅವನ ಸವಾರರಿಗೆ ಹಣ ಕೊಡಲು ಒಪ್ಪಿಕೊಂಡಿದ್ದವನು ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ. ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಮಾತು ಕೊಟ್ಟಿದ್ದ ಆರ್ಕಾಟಿನ ನವಾಬ ಮಹಮ್ಮದಾಲಿ ತಪ್ಪಿದ. ನಂಜರಾಜಯ್ಯ ಫ್ರೆಂಚರತ್ತ ತಿರುಗಿದ. ಅವನ ಸಂಬಳದ ದಂಡೂ ತಿರುಗಿತು. ಇಲ್ಲಿ ಮಾತು ಮುರಿದವನು ನವಾಬ. ಅಪಖ್ಯಾತಿ ಮಾತ್ರ ಗುತ್ತಿಯವನ ಪಾಲಿಗೆ ಬಂತು.

ಶಿಲೇದಾರಿ ದಂಡಿನಲ್ಲಿ ಕುದುರೆಯೂ ಆಯುಧವೂ ಸವಾರನ ಸ್ವಂತದ್ದು. ಕುದುರೆ ಸತ್ತರೆ ಅವನ ಬದುಕೇ ಹೋದಂತೆ. ಅಂಥ ಸಾವಿರಾರು ಸವಾರರನ್ನು ಹಿಡಿದಿಟ್ಟುಕೊಂಡ ನಾಯಕ ಯುದ್ಧವಿಲ್ಲದ ತಿಂಗಳುಗಳಲ್ಲೂ ಮೇವು, ಹುರುಳಿ ಹೊಂದಿಸಲೇಬೇಕು. ಗುತ್ತಿ, ಪೆನುಕೊಂಡ, ಮಡಕಶಿರದಂಥ ಮಳೆ ಕಡಿಮೆಯ ಸೀಮೆಯ ಕಂದಾಯದಿಂದಲೇ ಅದು ಸಾಗುವಂತಿರಲಿಲ್ಲ. ದಂಡನ್ನು ಬಾಡಿಗೆಗೆ ಕೊಡುವುದು ಅವನ ಚಾಳಿಯಲ್ಲ, ಅವನ ಆಯವ್ಯಯ. 1761ರಲ್ಲಿ ಶಿರಾ ವಶವಾದ ಮೇಲೆ ಹೈದರಾಲಿ ಪೆನುಕೊಂಡ, ಮಡಕಶಿರಗಳನ್ನು ಕಿತ್ತುಕೊಂಡಾಗ ಅವನು ಕಳೆದುಕೊಂಡದ್ದು ಕೋಟೆಗಳನ್ನಷ್ಟೇ ಅಲ್ಲ, ಲಾಯದ ಊಟವನ್ನೂ. 1768ರಲ್ಲಿ ಹೊಸಕೋಟೆಯ ಬಳಿ ಅವನು ಇಂಗ್ಲಿಷರ ಜೊತೆ ಬೀಡುಬಿಟ್ಟಿದ್ದನ್ನು ಈ ನಷ್ಟದಿಂದ ಬೇರ್ಪಡಿಸಿ ನೋಡಲಾಗದು.

ಅವನು ಬರೀ ಕೂಲಿ ಸರದಾರನಲ್ಲ, ಹಿಂದೂಪುರವನ್ನು ಕಟ್ಟಿ ಅದಕ್ಕೆ ತಂದೆ ಹಿಂದೂರಾಯನ ಹೆಸರಿಟ್ಟ ಸೀಮೆಯೊಡೆಯ. ಒಡೆಯನಿಗೆ ಒಂದು ನಿಲುವು ಬೇಡವೇ ಎಂದು ಕೇಳಬಹುದು. ಉತ್ತರ ಪಕ್ಕದಲ್ಲೇ ಇದೆ. ರಾಯದುರ್ಗ ಸೀಮೆಯ ಪಾಳೆಯಗಾರ ವೆಂಕಟಪತಿ ನಾಯಕ ಒಂದೇ ನಿಲುವು ಹಿಡಿದವನು, ಹೈದರನ ಸ್ನೇಹಿತ. 1786ರ ಆದವಾನಿ ಮುತ್ತಿಗೆಯ ನಂತರ ಹೈದರನ ಮಗ ಟಿಪ್ಪುವೇ ಅವನನ್ನು ಸೆರೆಹಿಡಿದ. ರಾಯದುರ್ಗ ಕೈತಪ್ಪಿತು, ನಾಯಕ ಶ್ರೀರಂಗಪಟ್ಟಣದಲ್ಲಿ ಸತ್ತ. ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಸಣ್ಣ ಸೀಮೆಗೆ ನಿಷ್ಠೆಯೂ ಕಾವಲಾಗಲಿಲ್ಲ.

ದಂಡನ್ನು ಬಾಡಿಗೆಗೆ ಕೊಡುವ ಇದೇ ಕಸುಬಿನ ಅಮೆರಿಕನ್ ಒಬ್ಬನಿದ್ದ. ಮ್ಯಾಸಚೂಸೆಟ್ಸಿನ ನ್ಯೂಬರಿಪೋರ್ಟಿನಲ್ಲಿ 1764ರಲ್ಲಿ ಹುಟ್ಟಿದ ಜಾನ್ ಪಾರ್ಕರ್ ಬಾಯ್ಡ್, 1789ರಲ್ಲಿ ಈ ದೇಶಕ್ಕೆ ಬಂದು ನಿಜಾಮನ ಚಾಕರಿ ಹಿಡಿದ, ತನ್ನದೇ ದಂಡು ಕಟ್ಟಿ ಸಂಬಳ ಕೊಟ್ಟವರಿಗೆ ದುಡಿದ, ಕಡೆಗೆ ಅದನ್ನು ಮಾರಿ ಊರಿಗೆ ಹೋದ. ಅವನ ಸರಕಾರ 1808ರಲ್ಲಿ ಕರ್ನಲ್ ಹುದ್ದೆ ಕೊಟ್ಟಿತು. 1811ರ ಟಿಪ್ಪೆಕನೂ ಕಾಳಗದಲ್ಲಿ ಅವನಿದ್ದ. ಅವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ, ಸಾಹಸಿ ಎನ್ನುತ್ತಾರೆ. ಮಾರಿ ಹೋಗಲು ಅವನಿಗೆ ಬೇರೊಂದು ದೇಶವಿತ್ತು.

ಮುರಾರಿರಾಯನ ವಿರುದ್ಧ ನಿಲ್ಲುವ ಆಕ್ಷೇಪ ಬೇರೆ. ಸಂಬಳ ಬಾಕಿ ಬಿದ್ದಾಗ ಕುದುರೆಗಳು ಮೇಯ್ದದ್ದು ರೈತನ ಹೊಲವನ್ನು. ಯಾವ ಬಾವುಟದ ದಂಡು ಬಂದರೂ ಹಳ್ಳಿಗೆ ಒಂದೇ. ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ಇದು ಪಕ್ಷಾಂತರದ ಆರೋಪವಲ್ಲ, ಮತ್ತು ಹೈದರನಿಗೂ ಪೇಶ್ವೆಗೂ ಅಷ್ಟೇ ಅನ್ವಯಿಸುತ್ತದೆ. ಬಯಲಿನಲ್ಲಿ ಓಡಾಡಿ ಗೆದ್ದ ಸರದಾರ ಕೊನೆಗೆ ಬೆಟ್ಟದ ಕೋಟೆಯೊಳಗೆ ಸಿಕ್ಕಿಕೊಂಡ: 1776ರಲ್ಲಿ ಗುತ್ತಿಯ ಮುತ್ತಿಗೆ ಬಿಗಿಯಾದಾಗ ಮೇಲೆ ನೀರು ಬತ್ತಿತು. ಶರಣಾದವನನ್ನು ಹೈದರ್ ಕಬ್ಬಾಳದುರ್ಗಕ್ಕೆ ಕಳಿಸಿದ. ಅಲ್ಲಿಂದ ಅವನು ಮರಳಲಿಲ್ಲ.