ಗೆರೆಯ ಏರಿಳಿತದಲ್ಲಿ ಅಡಗಿದ ಆಘಾತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳಿಂದ ಬೆಂಗಳೂರು ಸುಮಾರು ಐವತ್ತು, ಅರವತ್ತು ಕಿಲೋಮೀಟರು ದೂರ. ಗೂಡು ಮಾರಿ ಸಂಜೆಗೆ ಮನೆ ಸೇರುವ ರೇಷ್ಮೆ ಬೆಳೆಗಾರನಿಗೆ ಇದೊಂದು ದೂರವೇ ಅಲ್ಲ. ನಡುರಾತ್ರಿ ಎದೆ ಹಿಡಿದುಕೊಂಡು ಎದ್ದು ಕುಳಿತವನಿಗೆ ಮಾತ್ರ ಅದೇ ದಾರಿ ಬಲು ಉದ್ದ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಯವರು ಸೋಡಾ ಕುಡಿಸುತ್ತಾರೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸಿಗುವವರು ಸಾಮಾನ್ಯವಾಗಿ ಹೃದ್ರೋಗ ತಜ್ಞರಲ್ಲ. ಅವರ ಮುಂದಿರುವುದು ಚೌಕುಳಿ ಕಾಗದದ ಒಂದು ಪಟ್ಟಿ, ಅದರ ಮೇಲೊಂದು ಗೆರೆ. ಅದೇ ಇ.ಸಿ.ಜಿ. ಆ ಗೆರೆಯನ್ನು ಓದುವ ವಿದ್ಯೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಮನುಷ್ಯನ ಹೃದಯದ ವಿದ್ಯುತ್ತನ್ನು 1887ರಲ್ಲಿ ಮೊದಲು ದಾಖಲಿಸಿದವನು ಲಂಡನ್ನಿನ ಆಗಸ್ಟಸ್ ವಾಲರ್. ಅದನ್ನು ಚಿಕಿತ್ಸೆಗೆ ಒದಗುವಂತೆ ಮಾಡಿದವನು ಹಾಲೆಂಡಿನ ವಿಲ್ಲೆಮ್ ಐಂತೋವನ್. ಅವನ ಯಂತ್ರ ಒಂದು ಕೋಣೆಯನ್ನೇ ಆಕ್ರಮಿಸಿತ್ತು. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಅದನ್ನು ಆಸ್ಪತ್ರೆಗೆ ಒಯ್ಯಲಾಗದೆ 1905ರಲ್ಲಿ ಅವನು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಹೃದಯದ ಸಂಕೇತವನ್ನೇ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ. 1924ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು.

ಹೃದಯದ ರಕ್ತನಾಳ ಕಟ್ಟಿಕೊಂಡರೆ ತಕ್ಷಣವೇ ಸಾವು ಎಂದು ಆಗ ನಂಬಿದ್ದರು. ಹಾಗೇನಿಲ್ಲ, ರೋಗಿ ಬದುಕಿ ಉಳಿಯಬಲ್ಲ ಎಂದು 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ತೋರಿಸಿದ. 1920ರಲ್ಲಿ ಹೆರಾಲ್ಡ್ ಪಾರ್ಡೀ ಆಘಾತದ ಗುರುತನ್ನೇ ಗೆರೆಯಲ್ಲಿ ಹಿಡಿದ: ಎಸ್.ಟಿ. ಎಂಬ ಭಾಗ ತನ್ನ ಮಟ್ಟ ಬಿಟ್ಟು ಮೇಲಕ್ಕೇರುತ್ತದೆ.

ರಕ್ತದ ಹೆಪ್ಪು ಕರಗಿಸುವ ಔಷಧಿಗಳು ಬಂದ ಮೇಲೆ ಈ ಏರಿಕೆಗೆ ಹೊಸ ಮಹತ್ವ ಬಂತು. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 1994ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ಎಸ್.ಟಿ. ಏರಿದ ರೋಗಿಗಳಿಗೆ ಔಷಧಿಯಿಂದ ಸ್ಪಷ್ಟ ಲಾಭ ಕಂಡಿತು. ಅಲ್ಲಿಂದ ಮುಂದೆ ಗೆರೆ ಏರಿದ್ದರೆ ತುರ್ತು, ಏರದಿದ್ದರೆ ಕಾದು ನೋಡಬಹುದು ಎಂಬ ವಿಂಗಡಣೆ ಬೇರೂರಿತು.

ತೊಡಕು ಇರುವುದು ಇಲ್ಲಿಯೇ. ನಾಳ ಪೂರ್ತಿ ಮುಚ್ಚಿದ್ದರೂ ಗೆರೆ ಏರದೇ ಇರಬಹುದು. ಎಸ್.ಟಿ. ಏರಿಕೆ ಇಲ್ಲವೆಂದು ವಿಂಗಡಿಸಿದ ಆಘಾತಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನಲ್ಲಿ ನಾಳ ಸಂಪೂರ್ಣ ಮುಚ್ಚಿತ್ತೆಂದು 2017ರ ಒಂದು ವಿಶ್ಲೇಷಣೆ ಹೇಳಿತು. ಹೃದಯದ ಹಿಂಬದಿಗೆ ಪೆಟ್ಟು ಬಿದ್ದರೆ ಎದೆಯ ಮುಂಭಾಗದ ಗೆರೆ ಏರುವ ಬದಲು ಇಳಿಯುತ್ತದೆ. ಬೆನ್ನಿಗೂ ತಂತಿ ಅಂಟಿಸಿ ನೋಡಿದರೆ ಏರಿಕೆ ಸಿಗುತ್ತದೆ. ಮುಖ್ಯ ನಾಳ ಕಿರಿದಾದಾಗ, ನೋವು ನಿಂತ ಮೇಲೂ ‘ಟಿ’ ಅಲೆ ತಲೆಕೆಳಗಾಗಿ ಉಳಿಯುವುದನ್ನು 1982ರಲ್ಲಿ ಹೈನ್ ವೆಲೆನ್ಸ್ ತಂಡ ಗುರುತಿಸಿತು. ಅಂಥವರಲ್ಲಿ ಶಸ್ತ್ರಚಿಕಿತ್ಸೆ ಆಗದೆ ಉಳಿದ 16 ಮಂದಿಯ ಪೈಕಿ 12 ಮಂದಿಗೆ ಕೆಲವೇ ವಾರಗಳಲ್ಲಿ ದೊಡ್ಡ ಆಘಾತವಾಯಿತು. ನೋವಿಲ್ಲವೆಂದು ಅವರನ್ನು ಮನೆಗೆ ಕಳಿಸುವುದು ಎಂಥ ಅಪಾಯ ಎಂಬುದು ಇದರಿಂದ ಸ್ಪಷ್ಟ. ಎಸ್.ಟಿ. ಕುಗ್ಗಿ, ಅದರ ಬೆನ್ನಿಗೇ ಎತ್ತರದ ಚೂಪು ‘ಟಿ’ ಅಲೆ ಏಳುವ ಇನ್ನೊಂದು ಲಕ್ಷಣವನ್ನು ಡಿ ವಿಂಟರ್ 2008ರಲ್ಲಿ ವಿವರಿಸಿದ. ಇವೆಲ್ಲ ಒಂದೆರಡು ಮಿಲಿಮೀಟರಿನ ವ್ಯತ್ಯಾಸಗಳು. ದಣಿದ ಕಣ್ಣಿಗೆ ತಪ್ಪಿಹೋಗುವಂಥವು.

ಇವನ್ನು ಅನುಭವಿ ಕಣ್ಣಿಗೆ ಬೇಗ ತಲುಪಿಸುವುದು ಹೇಗೆ? ಐಂತೋವನ್‌ನ ಟೆಲಿಫೋನ್ ತಂತಿಯ ಉಪಾಯ ಕರ್ನಾಟಕದಲ್ಲಿ ಬೇರೆ ರೂಪ ತಾಳಿತು. ಈ ಶತಮಾನದ ಆರಂಭದಲ್ಲೇ ಇಸ್ರೋದ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರೊಡನೆ ಜೋಡಣೆಯಾಯಿತು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವೈದ್ಯರಿಗೆ ಸಲಹೆ ಸಿಗುವಂತೆ ಮಾಡಿದರು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕಂಪ್ಯೂಟರ್ ನೆರವಿನಿಂದ ಪರಿಶೀಲಿಸಿ, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಕ್ರಮ.

ಆದರೂ ಒಂದು ಕಾಗದ ಹೃದಯದ ಕೆಲವೇ ಸೆಕೆಂಡುಗಳ ಚಿತ್ರ. ಮೊದಲನೆಯದು ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯ ಸರಿಯಾಗಿದೆ ಎಂದಲ್ಲ. ನೋವು ಮುಂದುವರಿದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಮತ್ತೊಂದು, ಬೇಕಾದರೆ ಮಗದೊಂದು ತೆಗೆಯಬೇಕು. ಹಳೆಯ ಇ.ಸಿ.ಜಿ. ಮನೆಯಲ್ಲಿದ್ದರೆ ಜೊತೆಗೆ ಒಯ್ದರೆ ಹೋಲಿಸಲು ಅನುಕೂಲ. ಮಾಗಡಿಯಿಂದ ಬೆಂಗಳೂರಿಗಿರುವ ದೂರವನ್ನು ಯಾರೂ ಕಡಿಮೆ ಮಾಡಲಾರರು. ಗೆರೆಯನ್ನು ಹೊತ್ತಿಗೆ ಸರಿಯಾಗಿ ಓದಿದರೆ ಆ ದಾರಿಯಲ್ಲಿ ಕಳೆದುಹೋಗುವ ಹೃದಯದ ಸ್ನಾಯುವನ್ನು ಉಳಿಸಬಹುದು. ಅದಕ್ಕೆ ಮೊದಲು ರೋಗಿ ಸೋಡಾ ಲೋಟ ಬದಿಗಿಟ್ಟು ಆಸ್ಪತ್ರೆಯ ಬಾಗಿಲಿಗೆ ಬರಬೇಕು.