ಚಾಂಪಿಯನ್ಸ್ ಲೀಗ್ ವಿಸ್ತರಣೆ: ಹೆಚ್ಚಿದ ಸ್ಥಾನಗಳು ಯಾರ ಪಾಲಿಗೆ?

2025ರ ಮೇ 31ರ ರಾತ್ರಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇಂಟರ್ ಮಿಲಾನ್ ತಂಡವನ್ನು 5-0 ಗೋಲುಗಳಿಂದ ಮಣಿಸಿದ ಪ್ಯಾರಿಸ್ ಸೇಂಟ್ ಜರ್ಮೇನ್, ಅಂದರೆ ಪಿಎಸ್‌ಜಿ, ಯುರೋಪಿನ ಕ್ಲಬ್ ಫುಟ್‌ಬಾಲಿನ ಕಿರೀಟವನ್ನು ಮೊದಲ ಬಾರಿಗೆ ಧರಿಸಿತು. ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ ಅದು ಆಡಿದ 17ನೆಯ ಪಂದ್ಯವದು. ಇದೇ ತಂಡ ಮೊದಲ ಆರು ಪಂದ್ಯಗಳ ಪೈಕಿ ಮೂರರಲ್ಲಿ ಸೋತು ಕೇವಲ 7 ಅಂಕಗಳೊಂದಿಗೆ ಪಟ್ಟಿಯ ಕೆಳಭಾಗದಲ್ಲಿ ಕುಳಿತಿತ್ತು ಎಂಬುದನ್ನು ವಿಜಯೋತ್ಸವದ ಗದ್ದಲದಲ್ಲಿ ಬಹುತೇಕರು ಮರೆತರು. ಹಿಂದಿನ ಪದ್ಧತಿಯಲ್ಲಿ ಗುಂಪು ಹಂತವೆಂದರೆ ಆರೇ ಪಂದ್ಯ. ಹೊಸ ಪದ್ಧತಿ ಇನ್ನೆರಡು ಪಂದ್ಯಗಳನ್ನು ಕೊಟ್ಟಿತು. ಆ ಎರಡನ್ನೂ ಗೆದ್ದ ಪಿಎಸ್‌ಜಿ 15ನೆಯ ಸ್ಥಾನಕ್ಕೇರಿ, ಪ್ಲೇ-ಆಫ್ ದಾಟಿ, ಕೊನೆಗೆ ಪ್ರಶಸ್ತಿಯನ್ನೇ ಎತ್ತಿತು.

ಇದನ್ನು ವಿಸ್ತರಣೆಯ ಯಶಸ್ಸು ಎನ್ನಬಹುದು. ಸೋತವನಿಗೂ ಮತ್ತೆ ಮತ್ತೆ ಅವಕಾಶ ಕೊಡುವ ವ್ಯವಸ್ಥೆ ಎಂದು ಆಕ್ಷೇಪಿಸಲೂಬಹುದು. ಯುರೋಪಿನ ಈ ಪಂದ್ಯಾವಳಿಯನ್ನು ಹಿಗ್ಗಿಸಬೇಕೇ ಬೇಡವೇ ಎಂಬ ವಾದ ಮೂರು ದಶಕಗಳಿಂದ ನಡೆದಿದೆ. ಆದರೆ ತಂಡಗಳ ಸಂಖ್ಯೆ ಎಷ್ಟಿರಬೇಕು ಎಂಬ ಪ್ರಶ್ನೆಗಿಂತ, ಪ್ರತಿ ಬಾರಿ ಹೆಚ್ಚಾದ ಸ್ಥಾನಗಳು ಯಾರ ಪಾಲಾದವು ಎಂಬ ಪ್ರಶ್ನೆಯೇ ಮುಖ್ಯವೆಂದು ಈ ಪಂದ್ಯಾವಳಿಯ ಚರಿತ್ರೆ ಹೇಳುತ್ತದೆ.

ಆಹ್ವಾನದಿಂದ ಆರಂಭ

1954ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡವು ಹಂಗೆರಿಯ ಹೊನ್ವೆಡ್ ತಂಡವನ್ನು 3-2ರಿಂದ ಸೋಲಿಸಿದಾಗ ಬ್ರಿಟನ್ನಿನ ಪತ್ರಿಕೆಗಳು ಅದನ್ನು ವಿಶ್ವದ ಶ್ರೇಷ್ಠ ತಂಡವೆಂದು ಕೊಂಡಾಡಿದವು. ಫ್ರಾನ್ಸಿನ ಕ್ರೀಡಾ ಪತ್ರಿಕೆ ಲೆಕಿಪ್‌ನ ಸಂಪಾದಕ ಗೇಬ್ರಿಯಲ್ ಹಾನೊ ಅವರಿಗೆ ಒಂದೇ ಪಂದ್ಯದ ಆಧಾರದ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಯುರೋಪಿನ ಕ್ಲಬ್‌ಗಳ ನಡುವೆ ತವರು ಹಾಗೂ ಎದುರಾಳಿಯ ನೆಲ, ಎರಡೂ ಕಡೆ ಸೆಣಸುವ ಒಂದು ಪಂದ್ಯಾವಳಿ ನಡೆಯಲಿ, ಆಮೇಲೆ ಶ್ರೇಷ್ಠತೆಯ ಮಾತು ಎಂದು ಅವರು ವಾದಿಸಿದರು. ಅದರ ಫಲವಾಗಿ 1955-56ರಲ್ಲಿ 16 ತಂಡಗಳ ಯುರೋಪಿಯನ್ ಕಪ್ ಜನ್ಮತಾಳಿತು. ಪ್ಯಾರಿಸ್‌ನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವು ಫ್ರಾನ್ಸಿನ ರೀಮ್ಸ್ ತಂಡವನ್ನು 4-3ರಿಂದ ಮಣಿಸಿತು.

ಆ ಕಾಲದಲ್ಲಿ ದೇಶದ ಚಾಂಪಿಯನ್ನರಿಗೆ ಮಾತ್ರ ಪ್ರವೇಶವಿತ್ತು, ಈಗ ಎಲ್ಲವೂ ಕೆಟ್ಟಿತು ಎಂದು ಹಳಬರು ಹೇಳುವುದುಂಟು. ಇದು ಪೂರ್ಣ ಸತ್ಯವಲ್ಲ. ಮೊದಲ ವರ್ಷದ ತಂಡಗಳು ಬಂದದ್ದು ಆಹ್ವಾನದ ಮೇಲೆ. ಸ್ಕಾಟ್ಲೆಂಡಿನಿಂದ ಬಂದದ್ದು ಚಾಂಪಿಯನ್ ಅಬರ್ಡೀನ್ ಅಲ್ಲ, ಲೀಗ್‌ನಲ್ಲಿ ಐದನೆಯ ಸ್ಥಾನ ಪಡೆದಿದ್ದ ಹಿಬರ್ನಿಯನ್. ಅದು ಸೆಮಿಫೈನಲ್‌ಗೂ ಏರಿತು. ಇಂಗ್ಲೆಂಡಿನ ಚಾಂಪಿಯನ್ ಚೆಲ್ಸಿ ತನ್ನ ದೇಶದ ಲೀಗ್ ಆಡಳಿತದ ಒತ್ತಾಯಕ್ಕೆ ಮಣಿದು ಹಿಂದೆ ಸರಿದಿತ್ತು. ಚಾಂಪಿಯನ್ನರಿಗೆ ಮಾತ್ರ ಎಂಬ ಶಿಸ್ತು ಬಂದದ್ದು ಆನಂತರವೇ.

ಆದರೆ ಆ ಶಿಸ್ತು ಬಂದ ಮೇಲೆ ಅದು ಬಹುಕಾಲ ಉಳಿಯಿತು, ಮತ್ತು ಅದರ ಫಲಗಳು ಕಣ್ಣಿಗೆ ಕಾಣುವಂತಿದ್ದವು. 1979 ಮತ್ತು 1980ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್, 1986ರಲ್ಲಿ ರುಮೇನಿಯಾದ ಸ್ಟೆವಾ ಬುಕಾರೆಸ್ಟ್, 1988ರಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿ ಐಂಡ್‌ಹೋವನ್, 1991ರಲ್ಲಿ ಯುಗೊಸ್ಲಾವಿಯದ ರೆಡ್ ಸ್ಟಾರ್ ಬೆಲ್‌ಗ್ರೇಡ್ ಪ್ರಶಸ್ತಿ ಗೆದ್ದವು. ಸ್ವೀಡನ್ನಿನ ಮಾಲ್ಮೊ 1979ರಲ್ಲಿ ಫೈನಲ್ ಆಡಿತು. ಇಂದು ಈ ಪಟ್ಟಿಯನ್ನು ಓದಿದರೆ ಬೇರೊಂದು ಕ್ರೀಡೆಯ ಚರಿತ್ರೆ ಓದಿದಂತಾಗುತ್ತದೆ.

ಮೊದಲ ಸುತ್ತಿನ ಭಯ

ಬದಲಾವಣೆಯ ಬೀಜ ಬಿದ್ದದ್ದು 1987ರಲ್ಲಿ. ಆ ವರ್ಷ ಮೊದಲ ಸುತ್ತಿನಲ್ಲಿಯೇ ಸ್ಪೇನಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್‌ಗೆ ಇಟಲಿಯ ಚಾಂಪಿಯನ್, ಮರಡೋನಾ ಆಡುತ್ತಿದ್ದ ನಪೋಲಿ ಎದುರಾಳಿಯಾಯಿತು. ಎರಡು ಪಂದ್ಯಗಳ ಬಳಿಕ ನಪೋಲಿ ಹೊರಬಿತ್ತು. ವಿಶ್ವದ ಅತಿ ಪ್ರಸಿದ್ಧ ಆಟಗಾರನೊಬ್ಬ ಎರಡೇ ಪಂದ್ಯ ಆಡಿ ಮನೆಗೆ ಮರಳುವುದು ಕ್ರೀಡೆಯ ದೃಷ್ಟಿಯಿಂದ ಸಹಜ, ಟಿವಿ ವ್ಯಾಪಾರದ ದೃಷ್ಟಿಯಿಂದ ಅನಾಹುತ. ಮಿಲಾನ್ ಕ್ಲಬ್‌ನ ಮಾಲೀಕರೂ ಟಿವಿ ಉದ್ಯಮಿಯೂ ಆಗಿದ್ದ ಸಿಲ್ವಿಯೊ ಬೆರ್ಲುಸ್ಕೋನಿ, ದೊಡ್ಡ ಕ್ಲಬ್‌ಗಳು ಪರಸ್ಪರ ಹೆಚ್ಚು ಬಾರಿ ಆಡುವ ಲೀಗ್ ಬೇಕೆಂದು ಹಟ ಹಿಡಿದು, ಜಾಹೀರಾತು ಸಂಸ್ಥೆಯೊಂದರಿಂದ ಯೋಜನೆಯನ್ನೂ ಬರೆಸಿದರು.

ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 1991-92ರಲ್ಲಿ ಗುಂಪು ಹಂತವನ್ನು ತಂದಿತು. ಮರುವರ್ಷ ಪಂದ್ಯಾವಳಿಗೆ ಚಾಂಪಿಯನ್ಸ್ ಲೀಗ್ ಎಂಬ ಹೆಸರಾಯಿತು. ಗುಂಪು ಹಂತದಲ್ಲಿ ಮೊದಲು 8 ತಂಡಗಳಿದ್ದವು, 1994ರಲ್ಲಿ 16 ಆದವು, 1997ರಲ್ಲಿ 24 ಆದವು. 1997ರ ಹೆಜ್ಜೆ ಉಳಿದೆಲ್ಲಕ್ಕಿಂತ ದೊಡ್ಡದು, ಏಕೆಂದರೆ ಬಲಾಢ್ಯ ಲೀಗ್‌ಗಳ ಎರಡನೆಯ ಸ್ಥಾನದ ತಂಡಗಳಿಗೆ ಆಗ ಬಾಗಿಲು ತೆರೆಯಿತು. 1998ರಲ್ಲಿ ಮಿಲಾನಿನ ಮೀಡಿಯಾ ಪಾರ್ಟ್‌ನರ್ಸ್ ಎಂಬ ಕಂಪನಿ ಪ್ರತ್ಯೇಕ ಸೂಪರ್ ಲೀಗ್‌ನ ಪ್ರಸ್ತಾವ ಮುಂದಿಟ್ಟಾಗ ಯುಇಎಫ್‌ಎ ಬೆದರಿತು. 1999ರಲ್ಲಿ ತಂಡಗಳು 32 ಆದವು, ಪ್ರಬಲ ದೇಶಗಳಿಂದ ನಾಲ್ಕು ತಂಡಗಳವರೆಗೆ ಬರಬಹುದೆಂದಾಯಿತು.

2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಗೆದ್ದದ್ದೇ ಕಡೆ. 2005ರಿಂದ 2025ರವರೆಗಿನ 21 ಪ್ರಶಸ್ತಿಗಳಲ್ಲಿ ಸ್ಪೇನಿಗೆ 10, ಇಂಗ್ಲೆಂಡಿಗೆ 6, ಇಟಲಿ ಮತ್ತು ಜರ್ಮನಿಗೆ ತಲಾ 2, ಫ್ರಾನ್ಸಿಗೆ 1. ಸ್ಪೇನಿನ ಹತ್ತೂ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎಂಬ ಎರಡೇ ಕ್ಲಬ್‌ಗಳವು. ಇದಕ್ಕೆಲ್ಲ ವಿಸ್ತರಣೆಯೊಂದೇ ಕಾರಣವೆನ್ನುವುದು ಅನ್ಯಾಯ. 1995ರ ಬೋಸ್‌ಮನ್ ತೀರ್ಪು ಆಟಗಾರರನ್ನು ಕರಾರು ಮುಗಿದೊಡನೆ ಮುಕ್ತಗೊಳಿಸಿದ ಮೇಲೆ ಚಿಕ್ಕ ದೇಶಗಳ ಪ್ರತಿಭೆಗಳು ಹಣವಿದ್ದೆಡೆ ಹರಿದುಹೋದವು. ಆದರೆ ಆ ಹಣವನ್ನು ವರ್ಷ ವರ್ಷವೂ ಅದೇ ಕ್ಲಬ್‌ಗಳ ಕೈಗೆ ತಲುಪಿಸಿದ್ದು ಈ ಪಂದ್ಯಾವಳಿಯೇ.

ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1999ರ ಸ್ವರೂಪದಲ್ಲಿ ಎರಡೆರಡು ಗುಂಪು ಹಂತಗಳಿದ್ದವು. ಫೈನಲ್ ತಲುಪುವ ತಂಡ ಆಗಲೂ 17 ಪಂದ್ಯ ಆಡಬೇಕಿತ್ತು. ಪಂದ್ಯಗಳು ಹೆಚ್ಚಾದವು, ಬೇಸರವೂ ಹೆಚ್ಚಿತು. 2003ರಲ್ಲಿ ಯುಇಎಫ್‌ಎ ಎರಡನೆಯ ಗುಂಪು ಹಂತವನ್ನು ಕೈಬಿಟ್ಟು ಪಂದ್ಯಗಳನ್ನು 157ರಿಂದ 125ಕ್ಕೆ ಇಳಿಸಿತು. ಹಿಗ್ಗಿದ್ದು ಕುಗ್ಗುವುದೇ ಇಲ್ಲ ಎಂಬ ಮಾತು ಹಾಗಾಗಿ ನಿಜವಲ್ಲ. ಆದರೆ ಕುಗ್ಗಿದ್ದು ಪಂದ್ಯಗಳ ಸಂಖ್ಯೆ ಮಾತ್ರ. ದೊಡ್ಡ ದೇಶಗಳ ನಾಲ್ಕು ಸ್ಥಾನಗಳಿಗೆ ಯಾರೂ ಕೈ ಹಚ್ಚಲಿಲ್ಲ.

ಮೂವತ್ತಾರರ ಲೆಕ್ಕ

2021ರ ಏಪ್ರಿಲ್ 18ರಂದು ಇಂಗ್ಲೆಂಡಿನ ಆರು, ಸ್ಪೇನ್ ಮತ್ತು ಇಟಲಿಯ ತಲಾ ಮೂರು, ಹೀಗೆ 12 ಶ್ರೀಮಂತ ಕ್ಲಬ್‌ಗಳು ಸೂಪರ್ ಲೀಗ್ ಘೋಷಿಸಿದವು. ಅಭಿಮಾನಿಗಳು ಬೀದಿಗಿಳಿದರು, ಮೂರು ದಿನಗಳೊಳಗೆ ಯೋಜನೆ ಕುಸಿಯಿತು. ಘೋಷಣೆಯ ಮರುದಿನವೇ ಯುಇಎಫ್‌ಎ ತನ್ನ 36 ತಂಡಗಳ ಹೊಸ ಸ್ವರೂಪಕ್ಕೆ ಅನುಮೋದನೆ ಕೊಟ್ಟಿತ್ತು. ಆ ಮೊದಲ ಕರಡಿನಲ್ಲಿ ಹಿಂದಿನ ವರ್ಷಗಳ ಸಾಧನೆಯನ್ನೇ ಆಧರಿಸಿ ಎರಡು ಕ್ಲಬ್‌ಗಳಿಗೆ ಪ್ರವೇಶ ಕೊಡುವ ಅಂಶವಿತ್ತು. ತಾತ ಆನೆ ಏರಿದ್ದಕ್ಕೆ ಮೊಮ್ಮಗನಿಗೆ ಅಂಬಾರಿ ಕೊಟ್ಟಂತೆ! ವಿರೋಧ ಬಂದ ಮೇಲೆ 2022ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಲೀಗ್ ಹಂತದ ಪಂದ್ಯಗಳನ್ನೂ 10ರಿಂದ 8ಕ್ಕೆ ಇಳಿಸಲಾಯಿತು.

2024-25ರಿಂದ ಜಾರಿಗೆ ಬಂದ ಪದ್ಧತಿ ಹೀಗಿದೆ. ಗುಂಪುಗಳಿಲ್ಲ, 36 ತಂಡಗಳಿಗೂ ಒಂದೇ ಅಂಕಪಟ್ಟಿ. ಪ್ರತಿ ತಂಡವೂ ಎಂಟು ಬೇರೆ ಬೇರೆ ಎದುರಾಳಿಗಳೊಡನೆ ನಾಲ್ಕು ಪಂದ್ಯ ತವರಿನಲ್ಲಿ, ನಾಲ್ಕು ಹೊರಗೆ ಆಡುತ್ತದೆ. ಮೊದಲ ಎಂಟು ತಂಡಗಳು ನೇರವಾಗಿ ಹದಿನಾರರ ಘಟ್ಟಕ್ಕೆ ಹೋಗುತ್ತವೆ. 9ರಿಂದ 24ರವರೆಗಿನವು ಪ್ಲೇ-ಆಫ್ ಆಡುತ್ತವೆ, ಉಳಿದ 12 ನಿರ್ಗಮಿಸುತ್ತವೆ. ಒಟ್ಟು ಪಂದ್ಯಗಳು 125ರಿಂದ 189ಕ್ಕೇರಿವೆ. ಪ್ರತಿ ತಂಡವೂ ಉಳಿದ 35ರಲ್ಲಿ ಎಂಟನ್ನು ಮಾತ್ರ ಎದುರಿಸುವುದರಿಂದ, ಒಂದೇ ಪಟ್ಟಿಯಲ್ಲಿರುವ ಎರಡು ತಂಡಗಳ ಹಾದಿ ಒಂದೇ ಆಗಿರುವುದಿಲ್ಲ ಎಂಬ ದೂರಿದೆ. ಆದರೂ 2025ರ ಜನವರಿ 29ರಂದು 18 ಪಂದ್ಯಗಳೂ ಏಕಕಾಲಕ್ಕೆ ನಡೆದಾಗ ಉಂಟಾದ ರೋಚಕತೆಯನ್ನು ಟೀಕಾಕಾರರೂ ಒಪ್ಪಬೇಕಾಯಿತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದು ಒಂದೂವರೆ ಗಂಟೆ, ನಿದ್ದೆಗೆಟ್ಟದ್ದು ವ್ಯರ್ಥವಾಗಲಿಲ್ಲ.

ಇನ್ನು ಹೊಸದಾಗಿ ಸೇರಿದ ನಾಲ್ಕು ಸ್ಥಾನಗಳ ಲೆಕ್ಕ. ಒಂದು, ಶ್ರೇಯಾಂಕದಲ್ಲಿ ಐದನೆಯದಾದ ದೇಶದ ಮೂರನೆಯ ತಂಡಕ್ಕೆ. ಇನ್ನೊಂದು, ಅರ್ಹತಾ ಸುತ್ತುಗಳ ಮೂಲಕ ಬರುವ ಚಿಕ್ಕ ದೇಶಗಳ ಚಾಂಪಿಯನ್ನರಿಗೆ. ಅವರ ಸ್ಥಾನ ನಾಲ್ಕರಿಂದ ಐದಾಯಿತು. ಉಳಿದೆರಡು, ಹಿಂದಿನ ಋತುವಿನಲ್ಲಿ ಯುರೋಪಿನ ಪಂದ್ಯಾವಳಿಗಳಲ್ಲಿ ಒಟ್ಟಾರೆ ಉತ್ತಮ ಸಾಧನೆ ತೋರಿದ ಎರಡು ದೇಶಗಳಿಗೆ. ಈ ಕಡೆಯ ಎರಡು ಮೊದಲ ವರ್ಷ ಇಟಲಿ ಮತ್ತು ಜರ್ಮನಿಗೆ, ಎರಡನೆಯ ವರ್ಷ ಇಂಗ್ಲೆಂಡ್ ಮತ್ತು ಸ್ಪೇನಿಗೆ ಹೋದವು. ಪರಿಣಾಮವಾಗಿ 2025-26ರಲ್ಲಿ ಇಂಗ್ಲೆಂಡಿನ ಆರು, ಸ್ಪೇನಿನ ಐದು, ಇಟಲಿ ಹಾಗೂ ಜರ್ಮನಿಯ ತಲಾ ನಾಲ್ಕು, ಫ್ರಾನ್ಸಿನ ಮೂರು ತಂಡಗಳು ಆಡಿದವು. 36ರಲ್ಲಿ 22 ಐದು ದೇಶಗಳ ಪಾಲಾದರೆ, 55 ಸದಸ್ಯ ಸಂಘಟನೆಗಳಿರುವ ಯುಇಎಫ್‌ಎದ ಉಳಿದವರಿಗೆಲ್ಲ ಸೇರಿ 14.

ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ದೊಡ್ಡ ದೇಶಕ್ಕೆ ಹೋದ ಸ್ಥಾನವೆಲ್ಲ ದೊಡ್ಡ ಕ್ಲಬ್ಬಿಗೇ ಹೋಗುವುದಿಲ್ಲ. ಫ್ರಾನ್ಸಿನ ಹೆಚ್ಚುವರಿ ಸ್ಥಾನದಿಂದ 2024ರಲ್ಲಿ ಬಂದದ್ದು ಅದುವರೆಗೆ ಯುರೋಪಿನ ಯಾವ ಪಂದ್ಯಾವಳಿಯನ್ನೂ ಆಡಿರದ ಬ್ರೆಸ್ಟ್. ತನ್ನ ಮೈದಾನ ನಿಯಮಗಳಿಗೆ ಹೊಂದದ್ದರಿಂದ ಪಕ್ಕದ ಊರು ಗ್ಯಾಂಗಾಂಪ್‌ನಲ್ಲಿ ಆಡಿದ ಆ ತಂಡ ಪಟ್ಟಿಯಲ್ಲಿ 18ನೆಯ ಸ್ಥಾನ ಗಳಿಸಿತು. ಇಟಲಿಯ ಬೊಲೋನ್ಯಾ ಕ್ಲಬ್ ಈ ಮಟ್ಟಕ್ಕೆ ಮರಳಿದ್ದು ಅರವತ್ತು ವರ್ಷಗಳ ನಂತರ. ಮರುವರ್ಷ ನಾರ್ವೆಯ ಬೋಡೊ ಗ್ಲಿಮ್ಟ್, ಸೈಪ್ರಸ್‌ನ ಪಾಫೋಸ್, ಕಝಾಕ್‌ಸ್ತಾನದ ಕೈರತ್ ಮೊದಲ ಬಾರಿಗೆ ಲೀಗ್ ಹಂತ ತಲುಪಿದವು. ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವನ್ನು ಪೆನಾಲ್ಟಿಗಳಲ್ಲಿ ಹೊರದಬ್ಬಿ ಬಂದ ಕೈರತ್ ತನ್ನ ಊರು ಅಲ್ಮಾಟಿಯಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 5-0ರಿಂದ ಸೋತಿತು. ಏಕಪಕ್ಷೀಯ ಪಂದ್ಯವೆಂದು ಮ್ಯಾಡ್ರಿಡ್‌ನಲ್ಲಿ ಮೂಗು ಮುರಿಯಬಹುದು. ಅಲ್ಮಾಟಿಯ ಹುಡುಗರು ಆ ಸಂಜೆಯನ್ನು ಮರೆಯಲಾರರು.

ಏಷ್ಯಾದ ಅನುಭವವೂ ಇದನ್ನೇ ಹೇಳುತ್ತದೆ. ಏಷ್ಯನ್ ಚಾಂಪಿಯನ್ಸ್ ಲೀಗ್ 2021ರಲ್ಲಿ 32ರಿಂದ 40 ತಂಡಗಳಿಗೆ ವಿಸ್ತರಿಸಿದಾಗಲೇ ಎಫ್‌ಸಿ ಗೋವಾ ಅದರ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. 2024-25ರಲ್ಲಿ ಉನ್ನತ ಪಂದ್ಯಾವಳಿಯನ್ನು 24 ತಂಡಗಳಿಗೆ ಇಳಿಸಿದಾಗ ಭಾರತದ ಕ್ಲಬ್‌ಗಳು ಎರಡನೆಯ ದರ್ಜೆಗೆ ಸರಿದವು.

ಹಣ ಮತ್ತು ದಣಿವು

2024ರಿಂದ 2027ರವರೆಗಿನ ಅವಧಿಯಲ್ಲಿ ಚಾಂಪಿಯನ್ಸ್ ಲೀಗ್ ತಂಡಗಳಿಗೆ ವರ್ಷಕ್ಕೆ ಸುಮಾರು 247 ಕೋಟಿ ಯೂರೊ ಹಂಚಿಕೆಯಾಗುತ್ತದೆ. ಲೀಗ್ ಹಂತ ತಲುಪಿದ ಮಾತ್ರಕ್ಕೇ 1.86 ಕೋಟಿ ಯೂರೊ, ಅಂದರೆ ನೂರೈವತ್ತು ಕೋಟಿ ರೂಪಾಯಿಗೂ ಮಿಗಿಲು. ಅಲ್ಲಿನ ಪ್ರತಿ ಗೆಲುವಿಗೆ 21 ಲಕ್ಷ ಯೂರೊ. ಒಟ್ಟು ಮೊತ್ತದಲ್ಲಿ ಶೇ 35ರಷ್ಟನ್ನು ಆಯಾ ದೇಶದ ಟಿವಿ ಮಾರುಕಟ್ಟೆ ಮತ್ತು ಕ್ಲಬ್‌ನ ಹಿಂದಿನ ವರ್ಷಗಳ ಸಾಧನೆಗೆ ಅನುಗುಣವಾಗಿ ಹಂಚುತ್ತಾರೆ. ಇದ್ದವನಿಗೇ ಮತ್ತಷ್ಟು.

ಚಿಕ್ಕ ದೇಶದಲ್ಲಿ ಈ ಹಣ ಒಂದೇ ಕ್ಲಬ್ಬಿಗೆ ಬಿದ್ದಾಗ ಅಲ್ಲಿನ ಲೀಗ್ ಸತ್ವ ಕಳೆದುಕೊಳ್ಳುವ ಅಪಾಯವೂ ಇದೆ. ಬಲ್ಗೇರಿಯದ ರಾಜ್‌ಗ್ರಾದ್ ಎಂಬ ಸಣ್ಣ ಊರಿನ ಲುಡೊಗೊರೆಟ್ಸ್ 2012ರಿಂದ 2025ರವರೆಗೆ ಸತತ 14 ಬಾರಿ ಲೀಗ್ ಗೆದ್ದಿತು. ಆ ಪ್ರಾಬಲ್ಯಕ್ಕೆ ಶ್ರೀಮಂತ ಮಾಲೀಕನ ಜೊತೆಗೆ ಯುರೋಪಿನ ಪಂದ್ಯಾವಳಿಗಳ ವರಮಾನವೂ ನೀರೆರೆಯಿತು.

ಹೆಚ್ಚಿದ ಪಂದ್ಯಗಳಿಗೆ ಜಾಗ ಬೇಕಲ್ಲ. ಅದನ್ನು ತೆತ್ತವರು ಬೇರೆಯವರು. ಇಂಗ್ಲೆಂಡಿನ ಎಫ್‌ಎ ಕಪ್‌ನ ಪ್ರಧಾನ ಸುತ್ತುಗಳಲ್ಲಿ ಪಂದ್ಯ ಸಮವಾದರೆ ಮರುಪಂದ್ಯ ಆಡಿಸುವ ಶತಮಾನದಷ್ಟು ಹಳೆಯ ಕ್ರಮವನ್ನು 2024-25ರಿಂದ ರದ್ದುಪಡಿಸಲಾಯಿತು. ಯುರೋಪಿನ ಪಂದ್ಯಗಳು ಹೆಚ್ಚಿದ್ದೂ ಅದಕ್ಕೊಂದು ಕಾರಣ. ಐದನೆಯ ದರ್ಜೆಯಲ್ಲಿದ್ದು ಸಾಲದಲ್ಲಿ ಮುಳುಗಿದ್ದ ಎಕ್ಸೆಟರ್ ಸಿಟಿ 2005ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಅದರ ತವರಿನಲ್ಲೇ 0-0 ಸಮ ಮಾಡಿಕೊಂಡಿತ್ತು. ಮರುಪಂದ್ಯದಲ್ಲಿ ಸೋತರೂ ಆ ಎರಡು ಪಂದ್ಯಗಳ ಗಳಿಕೆ ಕ್ಲಬ್ಬನ್ನು ಉಳಿಸಿತು. ಅಂಥ ಇನ್ನೊಂದು ಕ್ಲಬ್ಬಿಗೆ ಈಗ ಆ ಹಾದಿಯಿಲ್ಲ.

ಆಟಗಾರರ ಮಾತು ಬೇರೆ. ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ 2024ರ ಸೆಪ್ಟೆಂಬರಿನಲ್ಲಿ ಆಟಗಾರರು ಮುಷ್ಕರದ ಹೊಸ್ತಿಲಲ್ಲಿದ್ದಾರೆ ಎಂದರು. ಕೆಲವೇ ದಿನಗಳಲ್ಲಿ ಮೊಣಕಾಲಿಗೆ ತೀವ್ರ ಗಾಯವಾಗಿ ಮೈದಾನ ತೊರೆದರು. ಒಂದು ಗಾಯವನ್ನು ಒಂದು ಪಂದ್ಯಾವಳಿಯ ತಲೆಗೆ ಕಟ್ಟುವಂತಿಲ್ಲ. ಆದರೆ ಪಿಎಸ್‌ಜಿಯ ದಿನಚರಿ ನೋಡಿ: 2025ರ ಮೇ 31ರಂದು ಚಾಂಪಿಯನ್ಸ್ ಲೀಗ್ ಫೈನಲ್, ಜುಲೈ 13ರಂದು ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ ಫೈನಲ್, ಆಗಸ್ಟ್ 13ರಂದು ಮುಂದಿನ ಋತುವಿನ ಸೂಪರ್ ಕಪ್.

36 ತಂಡಗಳು ಹೆಚ್ಚಾದವೆಂದು ಈ ಲೇಖಕನಿಗೆ ಅನಿಸುವುದಿಲ್ಲ. ತಿದ್ದಬೇಕಾದದ್ದು ಸಾಧನೆಯ ಹೆಸರಿನಲ್ಲಿ ಕೊಡುವ ಆ ಎರಡು ಸ್ಥಾನಗಳನ್ನು. ಒಟ್ಟು ಸಾಧನೆಯ ಲೆಕ್ಕದಲ್ಲಿ ಹೆಚ್ಚು ಮತ್ತು ಬಲಿಷ್ಠ ತಂಡಗಳನ್ನು ಕಳುಹಿಸುವ ದೇಶವೇ ಮುಂದಿರುವುದು ಸಹಜವಾದ್ದರಿಂದ ಅವು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತವೆ. ಅವುಗಳನ್ನು ಚಿಕ್ಕ ದೇಶಗಳ ಚಾಂಪಿಯನ್ನರ ಅರ್ಹತಾ ಸುತ್ತುಗಳಿಗೆ ಸೇರಿಸಿದರೆ ಅವರ ಸ್ಥಾನ ಐದರಿಂದ ಏಳಾಗುತ್ತದೆ. ಪಂದ್ಯಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ, ಅಂಕಪಟ್ಟಿಯ ಸ್ವರೂಪ ಬದಲಾಗುವುದಿಲ್ಲ, ಟಿವಿ ವೇಳಾಪಟ್ಟಿಗೂ ಧಕ್ಕೆಯಿಲ್ಲ. ಇಂಗ್ಲೆಂಡ್ ಅಥವಾ ಸ್ಪೇನಿನ ಐದನೆಯ ಸ್ಥಾನದ ತಂಡ ಆ ವರ್ಷ ಯುರೋಪಾ ಲೀಗ್‌ನಲ್ಲಿ ಆಡಬೇಕಾದೀತು, ಅಷ್ಟೆ.